ಎಂಟು ತೂತಿನ ಡಬ್ಬಿ

ನಾಚಿಕೆ ಎರಡು ಸಲ ಆಯಿತು. ಮೊದಲನೆಯದು ಸಣ್ಣದು, ನಕ್ಕು ಮರೆಯುವಂಥದ್ದು. ಅದನ್ನೇ ಮೊದಲು ಬರೆಯುತ್ತೇನೆ.

ನಮ್ಮದು ಕರೋಶಿ ಹತ್ತಿರದ ತೋಟದ ಮನೆ. ಮಗ ಡೇರಿಯ ಹಾಲಿನ ಗಾಡಿ ಹೊಡೆಯುತ್ತಾನೆ. ಸೊಸೆ ಹಾಡು ತುಂಬುವ ಕೆಲಸ ಮಾಡುತ್ತಾಳೆ. ತುಂಬುವುದು ಅಂದರೆ ರೆಕಾರ್ಡಿಂಗ್. ಸುತ್ತಲಿನ ಊರುಗಳ ಭಜನೆಯವರು, ಡೊಳ್ಳಿನ ಪದದವರು ಬಂದು ಹಾಡುತ್ತಾರೆ. ಇವಳು ಅದನ್ನು ಕಂಪ್ಯೂಟರಿಗೆ ಹಿಡಿದು, ತಿದ್ದಿ, ಜನರ ಫೋನಿಗೆ ಬಿಡುತ್ತಾಳೆ. ಆಡು ಕಟ್ಟುತ್ತಿದ್ದ ಕೋಣೆಯನ್ನು ಸಾರಿಸಿ, ಗೋಡೆಗೆಲ್ಲ ನಾನು ಹೊಲಿದ ಕೌದಿ ಜಡಿದಿದ್ದಾಳೆ. ಕೌದಿ ದನಿಯನ್ನು ಕುಡಿಯುತ್ತದಂತೆ. ಹೊದೆಯುವ ಕೌದಿಗೆ ಯಾರಾದರೂ ಮೊಳೆ ಹೊಡೆಯುತ್ತಾರೆಯೇ ಎಂದು ನಾನು ಬೈದಿದ್ದೆ. ಆದರೆ ಕೆಲಸ ಬರತೊಡಗಿತ್ತು. ಸುಮ್ಮನಾದೆ.

ಒಂದು ಮುಂಜಾನೆ ಅವಳು ಕೊಲ್ಲಾಪುರದ ಅಂಗಡಿಯವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಹಳೆಯ ಕನ್ವರ್ಟರ್ ಗುಂಯ್ ಅನ್ನುತ್ತದೆ, ಬೇರೆ ಎರಡು ಕಳಿಸಿರಿ, ನೋಡಿ ಒಂದನ್ನು ಇಟ್ಟುಕೊಂಡು ಒಂದನ್ನು ತಿರುಗಿ ಕೊಡುತ್ತೇನೆ ಎಂದಳು. ಕನ್ವರ್ಟರ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ಬಾವಿಯ ಮೋಟರಿಗೆ ಹಾಕುವುದು. ಲೈನಿನಲ್ಲಿ ಮೂರು ಫೇಜು ಬರದೆ ಎರಡೇ ಬಂದಾಗಲೂ ಅದಿದ್ದರೆ ಮೋಟರು ತಿರುಗುತ್ತದೆ, ಕಬ್ಬಿಗೆ ನೀರು ಹೋಗುತ್ತದೆ. ಆ ಬಾವಿಯಲ್ಲಿ ನನ್ನ ಮೈದುನನಿಗೂ ಪಾಲಿದೆ. ಬದುವಿನ ಮೇಲೆ ಸಿಕ್ಕವನಿಗೆ ಸುದ್ದಿ ಕೊಟ್ಟೆ.

"ನಮ್ಮ ಸೊಸಿ ಕನ್ವರ್ಟರ್ ತರಸಾಕತ್ತಾಳ ನೋಡಪಾ. ಇನ್ನ ಲೈನ್‌ಮನ್ ಕಾಲ ಹಿಡಿಯೂದ ಬ್ಯಾಡ."

"ಹೌದಾ ವೈನಿ? ಭಾಳ ಚಲೋ ಆತು," ಎಂದ.

ಡಬ್ಬಿಗಳು ಬಂದ ದಿನ ಅವನೂ ಬಂದ. ಕೈಯಲ್ಲಿ ಟೆಸ್ಟರು, ಹೆಗಲ ಮೇಲೆ ವೈರಿನ ಸುತ್ತು. ಸೊಸೆ ಎರಡನ್ನೂ ಹೊರಸಿನ ಮೇಲೆ ಇಟ್ಟಿದ್ದಳು. ಒಂದು ಇಟ್ಟಂಗಿಯಷ್ಟು, ಇನ್ನೊಂದು ಅದಕ್ಕಿಂತ ಉದ್ದ, ಚಪ್ಪಟೆ. ಮೈದುನ ಕುಕ್ಕರುಗಾಲಿನಲ್ಲಿ ಕೂತು ತಿರುಗಿಸಿ ನೋಡಿದ.

"ಇದ ಎಷ್ಟ ಎಚ್‌ಪಿ ಮೋಟರ್ ಎಳೀತೈತಿ?"

"ಕಾಕಾ, ಇದ ಮೋಟರಿಂದಲ್ರಿ. ದನೀದು."

"ದನದ್ದ? ಹಾಲ ಹಿಂಡತೈತೇನ?"

"ದನದ್ದಲ್ರೀ, ದನೀದು! ಹಾಡೂ ದನಿ."

ಅವನು ಎದ್ದು ನಿಂತು ನನ್ನ ಮುಖ ನೋಡಿದ. "ವೈನಿ, ನೀ ಹಾಡಿದ್ರ ಬಾವ್ಯಾಗಿನ ನೀರ ಮ್ಯಾಲ ಬರತೈತಿ ಅಂದ್ರ ಹೇಳ. ನಾಳಿಂದ ಬಾವಿ ದಂಡಿಗೆ ಕುಂದರಸ್ತೀನಿ."

ಊರೆಲ್ಲ ಹೇಳಿಕೊಂಡು ನಕ್ಕ. ಹಾಲಿನ ಗಾಡಿ ಒಯ್ದ ಮಗನಿಗೂ ಯಾರೋ ಕೇಳಿದರಂತೆ, ನಿಮ್ಮವ್ವ ಎಷ್ಟು ಎಚ್‌ಪಿ ಎಂದು. ಇದು ಸಣ್ಣ ನಾಚಿಕೆ.

ಆಮೇಲೆ ಸೊಸೆ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು. ಕಂಪ್ಯೂಟರಿಗೆ ದನಿ ಗೊತ್ತಾಗುವುದಿಲ್ಲ, ಅಂಕಿಯ ಲೆಕ್ಕ ಮಾತ್ರ ಗೊತ್ತಾಗುತ್ತದೆ. ಮೈಕಿನಿಂದ ಬಂದ ದನಿಯನ್ನು ಈ ಡಬ್ಬಿ ಲೆಕ್ಕ ಮಾಡಿ ಒಳಗೆ ಕಳಿಸುತ್ತದೆ. ನಾವು ತಿರುಗಿ ಕೇಳುವಾಗ ಲೆಕ್ಕವನ್ನು ದನಿ ಮಾಡಿ ಹೊರಗೆ ಕೊಡುತ್ತದೆ. ಅದು ಕೆಟ್ಟದ್ದಾದರೆ ಎಂಥ ಮೈಕು ಇದ್ದರೂ, ಎಂಥ ಗಂಟಲಿದ್ದರೂ ಹಾಡು ಡಬ್ಬದಲ್ಲಿ ಹಾಡಿದ ಹಾಗೆ ಕೇಳುತ್ತದೆ. ಇಷ್ಟು ನನಗೆ ತಿಳಿಯಿತು.

"ಮತ್ತ ಇವೆರಡರಾಗ ಚಲೋದು ಯಾವುದ?"

"ದನಿ ಎರಡರಾಗೂ ಚಲೋನ ಐತ್ರಿ. ಮೈಕ್ ಚುಚ್ಚಾಕ ಸಣ್ಣದಕ್ಕ ಎರಡ ತೂತ. ದೊಡ್ಡದಕ್ಕ ಎಂಟ. ಎರಡ ತೂತಿಂದಾದ್ರ ಎಲ್ಲಾರೂ ಒಂದೆರಡ ಮೈಕಿನ ಸುತ್ತ ನಿಂತ ಹಾಡಬೇಕು. ಯಾರರ ಒಬ್ಬಾಕಿ ಕೆಮ್ಮಿದ್ರ ಇಡೀ ಹಾಡ ಕೆಟ್ಟಹೋಗತೈತಿ. ಎಂಟರದ್ದಾದ್ರ ಒಬ್ಬೊಬ್ಬರಿಗೆ ಒಂದೊಂದ ಮೈಕ. ಒಬ್ಬೊಬ್ಬರ ದನಿ ಬ್ಯಾರೆ ಬ್ಯಾರೆ ಕುಂದರತೈತ್ರಿ ಅತ್ಯಾರ. ಯಾರದು ಬೇಕೋ ಅವರದ್ದಷ್ಟ ಕೇಳಬೋದು."

"ಅವರದ್ದಷ್ಟ?"

"ಹೂಂನ್ರಿ. ನಿಮ್ಮದಷ್ಟ ಕೇಳಬೇಕಂದ್ರ ನಿಮ್ಮದಷ್ಟ."

ಎಂಟು ತೂತಿನದನ್ನು ಹೊರಸಿನ ಆ ತುದಿಗೆ ಸರಿಸಿದೆ.

ಯಾಕೆ ಎಂದು ಹೇಳಬೇಕು. ನಾನು ಹುಟ್ಟಿದ್ದು ಕಾಗವಾಡದಾಚೆ, ಗಡಿಯ ಆ ಕಡೆ. ಮನೆ ಮಾತು ಮರಾಠಿ. ಶಾಲೆಯೂ ಮರಾಠಿಯದೇ, ಅದೂ ಎರಡನೆಯ ಇಯತ್ತೆಯವರೆಗೆ. ಕನ್ನಡದ ಅಕ್ಷರವನ್ನು ಆಮೇಲೆ ಮಗನ ಪುಸ್ತಕದಿಂದ ಕಲಿತೆ. ಸಣ್ಣವಳಿದ್ದಾಗಲೇ ಮದುವೆ ಮಾಡಿ ಇಲ್ಲಿಗೆ ಕಳಿಸಿದರು. ಬಂದಾಗ ನನಗೆ ನೀರು, ಉಪ್ಪು, ಬಾ, ಹೋಗು ಬಿಟ್ಟರೆ ಕನ್ನಡ ಇರಲಿಲ್ಲ. ಕಳೆ ತೆಗೆಯುತ್ತ, ಬೈಸಿಕೊಳ್ಳುತ್ತ ಮಾತು ಬಂತು. ಆದರೆ ಹಾಡು ಮಾತಿಗಿಂತ ಮೊದಲು ಬಂತು. ಮದುವೆಗೆ, ಬಸುರಿಯ ಕುಬಸಕ್ಕೆ ಹೆಂಗಸರು ಸೋಬಾನ ಹಾಡುವಾಗ ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ಹೊಸ ಸೊಸೆ ಬಾಯಿ ಮುಚ್ಚಿ ಕೂತರೆ ಸೊಕ್ಕು ಅನ್ನುತ್ತಿದ್ದರು. ನಾನು ಬಾಯಿ ತೆರೆದೆ. ಸಾಲಿನ ಮೊದಲ ಭಾಗಕ್ಕೆ ಹಂ ಹಂ ಅನ್ನುವುದು, ಪ್ರತಿ ಸಾಲಿಗೂ ತಿರುತಿರುಗಿ ಬರುವ ಕೊನೆಯ ತುಂಡನ್ನು ಗಟ್ಟಿಯಾಗಿ ಒದರುವುದು. ನನ್ನ ಗಂಟಲು ದೊಡ್ಡದು. ಒದರಿದ್ದು ಎಲ್ಲರಿಗೂ ಕೇಳಿತು, ಹಂ ಹಂ ಯಾರಿಗೂ ಕೇಳಲಿಲ್ಲ. ಕನ್ನಡ ಬಂದಮೇಲೆ ಪೂರ್ತಿ ಸಾಲು ಕೇಳಿ ಕಲಿಯಬಹುದಿತ್ತು. ಅಷ್ಟರಲ್ಲಿ ಹಾಡುವಾಕಿ ಎಂದು ಹೆಸರಾಗಿತ್ತು. ಹೆಸರಾದ ಮೇಲೆ ಹೋಗಿ ಏನು ಕೇಳುವುದು? ಹೀಗೆ ಮುದುಕಿಯಾದೆ.

ಸೊಸೆಯೂ ಆ ಹೆಸರನ್ನೇ ನಂಬಿದ್ದಳು. ಅದಾದರೂ ಇರಲಿ ಎಂದರೆ, ಅವಳು ಇನ್ನೊಂದು ಮಾಡಿ ಕೂತಿದ್ದಳು. ಐಗಳಿಯಿಂದ ಹೆಂಗಸರ ಮೇಳವೊಂದು ಸೋಬಾನ ಪದ ತುಂಬಿಸಲು ಬರುವುದಿತ್ತು. ಅಲ್ಲಿಯವರೆಗೆ ಗಂಡಸರ ಭಜನೆಯಷ್ಟೇ ಬರುತ್ತಿತ್ತು. ಹೆಂಗಸರ ಮೇಳ ಇದೇ ಮೊದಲು. ಇದು ಸರಿ ಹೋದರೆ ಬೇರೆ ಊರಿನವರೂ ಬರುತ್ತಾರೆ ಎಂದು ಅವಳ ಆಸೆ. ಬರುವವರಿಗೆ ಇವಳು ಫೋನಿನಲ್ಲಿ ಹೇಳಿದ್ದಳು, ನಮ್ಮ ಅತ್ತೆಗೆ ಬಾರದ ಹಾಡಿಲ್ಲ, ಒಂದು ಹಾಡಿಗೆ ಅವರೇ ಮುಂದೆ ಹೇಳುತ್ತಾರೆ ಎಂದು.

ನಾನು ಆವತ್ತಿನಿಂದ ಎಂಟು ತೂತಿನ ಡಬ್ಬಿಯನ್ನು ಹಳಿಯಲು ಶುರು ಮಾಡಿದೆ. ಬಿಸಿಯಾಗುತ್ತದೆ ಎಂದೆ. ದೀಪ ಬಹಳ, ಕಣ್ಣು ಕುಕ್ಕುತ್ತದೆ ಎಂದೆ. ಹೆಡ್‌ಫೋನು ಕಿವಿಗೆ ಹಾಕಿಕೊಂಡು ಒಂದು ಸಲ ಕೂಗಿ ನೋಡಿದಾಗ ನನ್ನ ದನಿ ನನಗೇ ತಡವಾಗಿ ಬಂದು ಬಡಿಯಿತು. ತಪ್ಪು ಸಿಕ್ಕಿತು ಎಂದುಕೊಂಡೆ.

"ಇದ ಕಿವುಡ ಐತಿ ಬೇ. ಹೇಳಿದ್ದ ತಿಳಿಯಾಕ ಹೊತ್ತ ತೊಗೋತೈತಿ."

ಅವಳು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. "ಈಗ ಒದರ್ರಿ."

ಒದರಿದೆ. ತಡ ಹೋಗಿತ್ತು. ನನಗೆ ಸಿಟ್ಟು ಬಂತು.

"ಏನ ಮಾಡಿದ್ರೂ ನನಗ ಸಣ್ಣದ ಚಲೋ ಕಾಣತೈತಿ. ಎಲ್ಲಾರೂ ಕೂಡಿ ಒಂದ ಮೈಕಿನ್ಯಾಗ ಹಾಡಿದ್ರ ಹಾಡು. ಒಬ್ಬೊಬ್ಬರನ್ನ ಬ್ಯಾರೆ ಮಾಡೂದ ಅಂದ್ರ ಮನಿ ಪಾಲ ಮಾಡಿದಂಗ."

ಎಂಥ ಮಾತು ನೋಡಿರಿ. ನನ್ನ ಹುಳುಕು ಮುಚ್ಚಿಕೊಳ್ಳಲು ಮನೆತನದ ಮಾತು ತಂದೆ. ಅವಳು ಎಂಟು ತೂತಿನದನ್ನು ಎತ್ತಿ ಸೆರಗಿನಿಂದ ಒರೆಸಿ ಇಟ್ಟಳು. ಅವಳಿಗೆ ಬೇಕಾದದ್ದು ಎಂಟರದು ಎಂದು ಕುರುಡನಿಗೂ ತಿಳಿಯುತ್ತಿತ್ತು.

"ಹಂಗಾರ ಎರಡ ತೂತಿಂದ ಇಟಗೋತೀನ್ರಿ. ನೀವ್ ಹಾಡಿದವರು, ನಿಮಗ ತಿಳೀತೈತಿ. ಆದ್ರ ತಿರಗಿ ಕಳಸೂಕಿಂತ ಮೊದಲ ಎಂಟರದ್ದನ್ನ ಒಂದ ಸಲ ನೋಡೂಣು. ಕಾಕೂನ್ನ ಕರೀತೀನಿ."

ಕಾಕು ಅಂದರೆ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನಮ್ಮ ಕಡೆ ಮುಂದೆ ಹೇಳುವವಳು ಅವಳೇ. ನಾನು ಬೇಡ ಅನ್ನಬೇಕಿತ್ತು. ಬೇಡ ಅನ್ನಲು ಕಾರಣ ಉಳಿದಿರಲಿಲ್ಲ.

ನೆಗೆಣ್ಣಿ ಬಂದಳು, ಅವಳ ಹಿಂದೆ ಪಕ್ಕದ ತೋಟದ ಇಬ್ಬರು ಬಂದರು. ಭಜನೆಯವರಿಂದ ಎರವಲು ತಂದ ಮೈಕುಗಳನ್ನು ಸೊಸೆ ನಮ್ಮ ನಾಲ್ವರ ಬಾಯಿಗೆ ಹತ್ತಿರ ನಿಲ್ಲಿಸಿದಳು. ಬಾಗಿಲು ಹಾಕಿದಳು. ಕೌದಿಗಳ ನಡುವೆ ಸೆಖೆ. ಗುಂಯ್ ಸದ್ದು ಬರುತ್ತಿದೆ ಎಂದು ಹೊರಗೆ ಹೋಗಿ ಕರೆಂಟಿನ ಅರ್ಥಿಂಗ್ ತಂತಿ ಹೂತ ಕುಣಿಗೆ ಒಂದು ಕೊಡ ನೀರು ಸುರಿದು ಬಂದಳು. ಸದ್ದು ಹೋಯಿತು. ಈಗ ಆ ಕೋಣೆಯಲ್ಲಿ ಒಬ್ಬರು ಉಗುಳು ನುಂಗಿದರೂ ಕೇಳುತ್ತಿತ್ತು.

"ಯಾವುದ ಹಾಡೂಣಕ್ಕಾ?" ಎಂದಳು ನೆಗೆಣ್ಣಿ.

"ಅರಿಷಿಣದ್ದ ಹಾಡ," ಎಂದೆ. ಅದರ ಕೊನೆಯ ತುಂಡು ಉದ್ದ. ಅಷ್ಟೂ ನನಗೆ ಬರುತ್ತದೆ.

ನೆಗೆಣ್ಣಿ ಒಂದೊಂದೇ ಸಾಲು ಹೇಳುತ್ತ ಹೋದಳು. ನಡುವೆ ಈ ಸಾಲು ಬಂತು.

*ಮಲ್ಲಿಗಿ ಮುಡದಾಕಿ ಮೆಲ್ಲಕ ನಡದಾಳ
ಅರಿಷಿಣ ತಾರವ್ವ ನಡಮನಿಗೆ*

ನಾವು ಹಿಂದೆ ಹೇಳಿದೆವು. ಹಾಡು ಚೆನ್ನಾಗಿ ಬಂತು ಎಂದೇ ಎಲ್ಲರಿಗೂ ಅನ್ನಿಸಿತು. ಸೊಸೆ ಮೊದಲು ಎಲ್ಲರ ದನಿಯನ್ನೂ ಕೂಡಿಸಿ ಕೇಳಿಸಿದಳು. ಫೋನಿನಲ್ಲಿ ಬರುವ ಹಾಡಿನ ಹಾಗೇ ಇತ್ತು. ನೆಗೆಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ, ನಾನ ಏನವಾ ಇದು!" ಎಂದಳು. ಆಮೇಲೆ ಸೊಸೆ ಒಬ್ಬೊಬ್ಬರದನ್ನೇ ತೆರೆದಳು. ನೆಗೆಣ್ಣಿಯದು ಸರಿ. ಪಕ್ಕದ ತೋಟದ ಒಬ್ಬಳು ನಡುವೆ ಮೂಗು ಎಳೆದದ್ದು ಕೇಳಿತು, ನಕ್ಕೆವು. ನಾನೂ ನಕ್ಕೆ. ಮುಂದಿನದು ನನ್ನದು.

"ಸಾಕ ಬಿಡ. ಚಾ ಮಾಡ ಹೋಗ," ಎಂದೆ.

"ನಿಂದರ್ರಿ ಅತ್ಯಾರ, ನಿಮ್ಮದ ಖರೇ ನೋಡಬೇಕಾಗಿದ್ದು," ಎಂದು ಒತ್ತಿದಳು.

ಹಂ... ಹಂ... ಟ್ಟಾಕಿ. ಹಂ... ತಾಳ. ಆಮೇಲೆ ಡಬ್ಬಿ ಒಡೆಯುವ ಹಾಗೆ, ಅರಿಷಿಣ ತಾರವ್ವ ನಡಮನಿಗೆ! ಮತ್ತೆ ಹಂ ಹಂ. ಎಮ್ಮೆ ಮೆಲುಕು ಹಾಕಿದಂತೆ. ಮತ್ತೆ ನಡಮನಿಗೆ! ಸೊಸೆ ಪರದೆಯನ್ನೇ ನೋಡುತ್ತಿದ್ದಳು. ನಿಲ್ಲಿಸಬೇಕು ಎಂದು ಅವಳಿಗೆ ಹೊಳೆಯಲಿಲ್ಲವೋ, ಕೈ ಬರಲಿಲ್ಲವೋ. ಹಾಡು ಹೋಗುತ್ತಲೇ ಇತ್ತು. ನಡುವೆ ಒಂದು ಕಡೆ ಹಂ ಹಂ ಬಿಟ್ಟು ಪೂರ್ತಿ ಸಾಲು ಹೇಳಿದ್ದೆ. ಆ ಸಾಲು ನನಗೆ ಬರುತ್ತದೆ ಎಂದು ನನಗೆ ಧೈರ್ಯವಿತ್ತು. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದ್ದೆ.

*ಎಮ್ಮೀಯ ಹಿಡದಾಕಿ ಎಲ್ಲಿಗ ನಡದಾಳ*

ನೆಗೆಣ್ಣಿ ಮೊದಲು ನಕ್ಕಳು. ತಡೆಯಲು ನೋಡಿದಳು, ಆಗಲಿಲ್ಲ. "ಅಕ್ಕಾ, ಏನಂದಿ? ಎಮ್ಮಿ?"

"ಎಮ್ಮೀನ ಅಲ್ಲೇನ?"

"ಮಲ್ಲಿಗಿ ಬೇ! ಮಲ್ಲಿಗಿ ಮುಡದಾಕಿ! ಇಷ್ಟ ವರ್ಷ ಮದಿಮಗಳ ಕೈಯಾಗ ಎಮ್ಮಿ ಹಗ್ಗ ಕೊಟ್ಟ ಕಳಸಿದೇನ?"

ಪಕ್ಕದ ತೋಟದವಳು ಗೋಡೆಯ ಕೌದಿಗೆ ಮುಖ ಒತ್ತಿ ನಗುತ್ತಿದ್ದಳು. "ಅದಕ್ಕ ಕೇಳ್ಯಾಳ ನೋಡ, ಎಲ್ಲಿಗ ನಡದಾಳ ಅಂತ. ಅರಿಷಿಣ ಬಿಟ್ಟ ಎಮ್ಮಿ ಹೊಡಕೊಂಡ ಹೊಂಟ್ರ ಯಾರರ ಕೇಳೂದನ!"

ಹಂ ಹಂ ಅನ್ನುವುದು ನನಗೆ ಗೊತ್ತಿದ್ದ ಕಳ್ಳತನ. ಎಮ್ಮೆ ನನಗೆ ಗೊತ್ತೇ ಇರಲಿಲ್ಲ. ಭಾಷೆ ಬಾರದ ದಿನಗಳಲ್ಲಿ ಕಿವಿಗೆ ಬಿದ್ದ ಸದ್ದನ್ನು ಬಾಯಿ ಹಿಡಿದುಕೊಂಡಿತ್ತು. ಆಮೇಲೆ ಕನ್ನಡ ಬಂದಾಗ ಆ ಸದ್ದು ತಾನೇ ಎಮ್ಮೆಯಾಗಿ ಕೂತಿತು. ಮದುವೆಯ ಹಾಡಿನಲ್ಲಿ ಎಮ್ಮೆ ಯಾಕೆ ಎಂದು ಒಮ್ಮೆ ಅನ್ನಿಸಿದ್ದುಂಟು. ತವರಿನವರು ಕೊಟ್ಟ ಎಮ್ಮೆ ಇರಬೇಕು ಎಂದುಕೊಂಡಿದ್ದೆ. ಎಷ್ಟು ಮದುವೆಗಳಲ್ಲಿ ಒದರಿದ್ದೇನೋ, ಎಲ್ಲರ ದನಿಯೊಳಗೆ ಅದು ಮುಚ್ಚಿಹೋಗಿತ್ತು. ನನ್ನ ಸೊಸೆಗೆ ಅರಿಸಿನ ಹಚ್ಚುವಾಗಲೂ ಅದನ್ನೇ ಒದರಿದ್ದೆ.

ನಗು ನಿಂತಮೇಲೆ ನೆಗೆಣ್ಣಿ ನನ್ನ ಮೊಣಕೈ ಮುಟ್ಟಿದಳು. ಅದು ನಗುವಿಗಿಂತ ಕೆಟ್ಟದಾಗಿತ್ತು. ಕೈ ಎಳೆದುಕೊಂಡೆ.

"ನನ್ನ ದನಿ ತಗದ ಉಳದವರದ ಕೇಳಸ," ಎಂದೆ ಸೊಸೆಗೆ.

"ಬ್ಯಾಡ್ರಿ ಅತ್ಯಾರ."

"ತಗೀತೀಯೋ ಇಲ್ಲೋ?"

ತೆಗೆದಳು. ಹಾಡು ಬಂತು. ಮೂವರೇ ಇದ್ದರು. ಉಳಿದವರ ಮೈಕಿನೊಳಗೆ ನನ್ನದು ಸ್ವಲ್ಪ ಸೋರಿತ್ತು, ದೂರದ ಹೊಲದಲ್ಲಿ ಯಾರೋ ಯಾರನ್ನೋ ಕರೆದಂತೆ. ಅಷ್ಟೇ. ಹಾಡು ಎಲ್ಲಿಯೂ ಕುಂಟಲಿಲ್ಲ. ಮೊದಲಿಗಿಂತ ನೆಟ್ಟಗೇ ಇತ್ತು. ಅದನ್ನು ನಾನು ಕೊನೆಯವರೆಗೂ ಕೇಳಿದೆ. ಕೇಳುವಾಗ ಎಲ್ಲರೂ ನೆಲ ನೋಡುತ್ತಿದ್ದರು.

ಸಂಜೆ ಸೊಸೆ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು. "ಮರಾಠಿ ಓವಿ ನಿಮಗ ಬರತಿರಬೇಕಲ್ರಿ. ಬೀಸೂಮುಂದ ನಿಮ್ಮ ಅವ್ವ ಹಾಡಿದ್ದು. ಅವನ್ನರ ತುಂಬೂಣು. ಐಗಳಿಯವರಿಗೆ ನಾ ಏನರ ಹೇಳತೀನಿ."

ನೆನೆಸಿ ನೋಡಿದೆ. ಬೀಸುವ ಕಲ್ಲು ನೆನಪಾಯಿತು, ಅವ್ವನ ಬೆನ್ನು ನೆನಪಾಯಿತು. ಹಾಡು ನೆನಪಾಗಲಿಲ್ಲ. ಅಲ್ಲಿಯೂ ನಾನು ಸಣ್ಣವಳು, ಅವ್ವನ ಹಿಂದೆ ಕೊನೆಯ ತುಂಡನ್ನು ಹಿಡಿದವಳೇ.

"ಅವೂ ಬರಂಗಿಲ್ಲ," ಎಂದೆ.

"ಒಂದೂ?"

"ಒಂದೂ ಇಲ್ಲಂದ್ನೆಲ್ಲ. ಎಂಟರದ್ದ ಇಟಗೊ. ಎರಡರದ್ದ ಹೊಳ್ಳಿ ಕಳಸ."

ಅವಳು ಕೈ ನಿಲ್ಲಿಸಿದಳು. "ನೀವ್ ಸಣ್ಣದ ಚಲೋ ಅಂದಿದ್ರಿ."

"ಯಾಕ ಅಂದಿದ್ನಿ ಅನ್ನೂದ ನಿನಗ ಈಗ ತಿಳದೈತಿ. ಬಾಯಿ ಬಿಡಿಸಬ್ಯಾಡ."

ಅಂಗಡಿಯವನಿಗೆ ಅವಳು ಅಲ್ಲಿಯೇ ಫೋನು ಹಚ್ಚಿದಳು, ಎಂಟರದ್ದೇ ಇರಲಿ ಎಂದಳು. ಅವಳ ದನಿಯಲ್ಲಿ ಖುಷಿ ಇತ್ತು. ನನಗೆ ಕೇಳಬಾರದೆಂದು ಅದನ್ನು ಒಳಗೇ ಇಟ್ಟುಕೊಳ್ಳುತ್ತಿದ್ದಳು. ಅದೂ ಕೇಳಿತು. ಆ ಖುಷಿಯನ್ನು ನಾನು ಅವಳಿಂದ ಕಿತ್ತುಕೊಳ್ಳುವವಳಿದ್ದೆ.

ಐಗಳಿಯವರು ಒಂದು ಟೆಂಪೊದಲ್ಲಿ ಬಂದರು. ಎಂಟು ಹೆಂಗಸರು, ಎಲ್ಲರದೂ ಒಂದೇ ಬಣ್ಣದ ಇಳಕಲ್ ಸೀರೆ. ಮುಂದೆ ಹೇಳುವವಳು ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ. ಒಳಗೆ ಬಂದವಳೇ ನನ್ನ ಕಾಲು ಮುಟ್ಟಿದಳು.

"ನೀವ ಅಲ್ರಿ ಹಾಡೂ ಅವ್ವಾರು? ನಿಮ್ಮ ಹಾಡ ಮೊದಲ ಕೇಳೂದ್ರಿ. ಆಮ್ಯಾಲ ನಮ್ಮದು."

"ನನಗ ಹಾಡ ಬರಂಗಿಲ್ಲ," ಎಂದೆ.

"ದೊಡ್ಡವರು ಹಂಗ ಅಂತಾರ್ರಿ. ನಮ್ಮತ್ತೀನೂ ಹಂಗ ಅಂತಿದ್ಲು. ಸುರು ಮಾಡಿದ್ರ ಹೊತ್ತ ಹೊಂಟಿದ್ದ ತಿಳೀತಿರಲಿಲ್ಲ."

"ಖರೇನ ಬರಂಗಿಲ್ಲ ತಾಯಿ."

"ಸುಮ್ನಿರ್ರಿ! ಮಾನಾ ಮಾಡಿಸ್ಕೊಳ್ಳಾಕತ್ತೀರಿ." ಅವಳು ನಗುತ್ತ ನನ್ನ ರಟ್ಟೆ ಹಿಡಿದು ಮೈಕಿನ ಕಡೆಗೆ ಎಳೆದಳು. ಉಳಿದವರೂ "ಹಾಡ್ರಿ, ಹಾಡ್ರಿ" ಎಂದರು. ಬಹಳ ವರ್ಷ ಸುಳ್ಳನ್ನು ನಂಬಿಸಿದ್ದೆ. ಖರೆ ಹೇಳಿದರೆ ಯಾರೂ ನಂಬಲೊಲ್ಲರು. ಸೊಸೆಯ ಮುಖ ನೋಡಿದೆ. ಅವಳು ಕಿವಿಯ ಮೇಲಿನ ಹೆಡ್‌ಫೋನನ್ನು ತೆಗೆದು ಕೊರಳಿಗೆ ಇಳಿಸಿದಳು.

"ಅವರಿಗೆ ಖರೇನ ಬರಂಗಿಲ್ರಿ. ನಾನ ತಿಳೀದ ಹೇಳಿದ್ನಿ. ನನ್ನದ ತಪ್ಪು," ಎಂದಳು.

ಬಂದವರ ಮುಂದೆ ಅತ್ತೆಗೆ ಬರುವುದಿಲ್ಲ ಎಂದು ಸೊಸೆ ಹೇಳುವುದು ನಮ್ಮಲ್ಲಿ ಸಣ್ಣ ಮಾತಲ್ಲ. ನಾನು ಹಾಗೆ ಹೇಳಿದ್ದರೆ ನನ್ನ ಅತ್ತೆ ಕೂದಲು ಹಿಡಿಯುತ್ತಿದ್ದಳು. ಅದರ ಮೇಲೆ ಅವಳು ತಪ್ಪನ್ನೂ ತನ್ನ ತಲೆಗೆ ಹಾಕಿಕೊಂಡಳು. ಐಗಳಿಯವಳು ನನ್ನ ರಟ್ಟೆ ಬಿಟ್ಟಳು. ಅವಳ ಕೈ ಇದ್ದ ಜಾಗ ಬಿಸಿ ಇತ್ತು. ಮುಖವೂ ಬಿಸಿ ಇತ್ತು.

"ನನ್ನ ಸೊಸಿ ಹೇಳಿದ್ದ ಖರೇ ಐತಿ. ಕುಂದರ್ರಿ, ಸುರು ಮಾಡ್ರಿ," ಎಂದೆ.

ಎಂಟು ಮಂದಿ ಎಂಟು ಮೈಕಿನ ಮುಂದೆ ಕೂತರು. ತೂತು ಎಲ್ಲವೂ ತುಂಬಿದವು. ನಾನು ಹೊರಗೆ ಹೋಗಬೇಕಿತ್ತು. ಅಷ್ಟರಲ್ಲಿ ಸೊಸೆ ಬಾಗಿಲು ಹಾಕಿ, ಯಾರೂ ಅಲುಗಾಡಬೇಡಿ ಎಂದು ಕೈ ಎತ್ತಿದಳು. ಬಾಗಿಲ ಮೂಲೆಯಲ್ಲಿ ಕೂತೆ. ಎತ್ತರದ ಹೆಂಗಸು ಮುಂದೆ ಹೇಳಿದಳು. ಸಾಲು ಪೂರ್ತಿ ಕೇಳಿತು, ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯಿತು. ಹಾಡುವವರ ನಡುವೆ ನಾನು ಸುಮ್ಮನೆ ಕೂತು ಸಾಲಿನ ಮೊದಲ ಭಾಗವನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಕೊನೆಯ ತುಂಡು ಬಂತು. ಏಳು ಮಂದಿ ಅದನ್ನು ಎತ್ತಿಕೊಂಡರು. ನನ್ನ ಬಾಯಿಯೂ ತಾನಾಗಿ ತೆರೆಯಿತು. ಇಲ್ಲಿ ಉಗುಳು ನುಂಗಿದರೂ ಡಬ್ಬಿಗೆ ಕೇಳುತ್ತದೆ. ಸೆರಗನ್ನು ಬಾಯಿಗೆ ತುರುಕಿಕೊಂಡು, ಅವರ ಹಾಡು ಮುಗಿಯುವವರೆಗೂ ಹಲ್ಲಿನಿಂದ ಕಚ್ಚಿ ಹಿಡಿದೆ.